ಹಿಮಗಟ್ಟಿದ ಟರ್ಕಿ ಕೋಳಿಯನ್ನು ಗುರುವಾರದೊಳಗೆ ಕರಗಿಸುವುದು ಹೇಗೆ? ಅನುಭವಸ್ಥರು ತಿಳಿಸಬೇಕು

ಕೊಲಂಬಸ್‌ನ ಹೊಸಬ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಗುರುವಾರ ಮಧ್ಯಾಹ್ನ ಕಚೇರಿಯವರನ್ನು ಕರೆದಿದ್ದೇನೆ. ಇಂದು ಮಂಗಳವಾರ ರಾತ್ರಿಯಾದರೂ 16 ಪೌಂಡಿನ, ಎಂದರೆ 7 ಕಿಲೋಗಿಂತ ತುಸು ಹೆಚ್ಚು ತೂಕದ ಟರ್ಕಿ ಇನ್ನೂ ಫ್ರೀಜರಿನಲ್ಲಿಯೇ ಇದೆ. ಮನೆಯಲ್ಲಿರುವ ಅತ್ತೆಯವರು ಶುದ್ಧ ಸಸ್ಯಾಹಾರಿಗಳಾದ್ದರಿಂದ ಅಡುಗೆಮನೆಯ ಸಿಂಕನ್ನು ಇಡೀ ದಿನ ಇದಕ್ಕೆ ಬಿಟ್ಟುಕೊಡುವಂತಿಲ್ಲ. ಬಚ್ಚಲುಮನೆಯಲ್ಲಿ ದೊಡ್ಡ ಡಬ್ಬದೊಳಗೆ ತಣ್ಣೀರಿಟ್ಟು ಕರಗಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಎಡಿಸನ್ ನಿವಾಸಿ
ಈ ಕೆಲಸಕ್ಕೆ ಫ್ರಿಜ್ ಒಂದೇ ಸರಿಯಾದ ಮಾರ್ಗ. ಪ್ರತಿ 4–5 ಪೌಂಡಿಗೆ 24 ಗಂಟೆ ಹಿಡಿಯುವುದರಿಂದ ನೀವು ಶನಿವಾರವೇ ಅದನ್ನು ಕೆಳಗಿಳಿಸಬೇಕಿತ್ತು. ಇದಕ್ಕೆಂದೇ ನಾನು ಗ್ಯಾರೇಜಿನಲ್ಲಿ ಎರಡನೆಯ ಫ್ರಿಜ್ ಇಟ್ಟಿದ್ದೇನೆ. ಬಳಸಿದ ಫ್ರಿಜ್‌ಗೆ 180 ಡಾಲರ್, ಅದನ್ನು ತಂದ ವ್ಯಾನಿಗೆ 45, ಪ್ರತ್ಯೇಕ ಪ್ಲಗ್ ಹಾಕಿಕೊಟ್ಟ ಎಲೆಕ್ಟ್ರಿಷಿಯನ್‌ಗೆ 120, ಒಟ್ಟು 345 ಡಾಲರ್ ವೆಚ್ಚವಾಯಿತು. ಮೊದಲ ವರ್ಷ ನಾಲ್ಕು ದಿನ ಕಳೆದ ಮೇಲೂ ಹೊಟ್ಟೆಯೊಳಗೆ ಕೈಹಾಕಿದಾಗ ಬೆರಳಿಗೆ ಮಂಜುಗಡ್ಡೆಯೇ ತಾಗಿತು. ಮಾರಿದಾತ ಉಷ್ಣತೆಯ ಗುಂಡಿಯನ್ನು ಅತಿ ತಣ್ಣನೆಯ ಕೊನೆಯವರೆಗೂ ತಿರುಗಿಸಿಟ್ಟಿದ್ದನೆಂಬುದು ಆಮೇಲೆ ತಿಳಿಯಿತು. ಈಗ ಒಳಗೊಂದು ಥರ್ಮಾಮೀಟರ್ ಇಟ್ಟು, 40 ಡಿಗ್ರಿ ಫ್ಯಾರನ್‌ಹೀಟ್ ಮೀರದಂತೆ, 34ಕ್ಕೂ ಇಳಿಯದಂತೆ ನೋಡಿಕೊಳ್ಳುತ್ತೇನೆ. ಕೆಳಗಿನ ಅರೆಯಲ್ಲಿ, ಅಂಚಿರುವ ತಟ್ಟೆಯ ಮೇಲಿಟ್ಟರೆ ಸೋರುವ ರಸ ಬೇರೆ ಪದಾರ್ಥಗಳಿಗೆ ತಾಗುವುದಿಲ್ಲ.

ಡಲ್ಲಾಸ್‌ನ ಮಂಡ್ಯದವನು
ಒಂದು ಹಕ್ಕಿಗಾಗಿ 345 ಡಾಲರ್ ಸುರಿದವರು ಇತರರಿಗೆ ಶನಿವಾರದ ಪಾಠ ಹೇಳುವುದು ವಿಚಿತ್ರವಾಗಿದೆ. ತಣ್ಣೀರಿನಲ್ಲಿ ಪೌಂಡಿಗೆ ಅರ್ಧ ಗಂಟೆ ಸಾಕು. ನಮ್ಮ 18 ಪೌಂಡಿನದಕ್ಕೆ ಒಂಬತ್ತು ಗಂಟೆ ಬೇಕಾಯಿತು. ಪ್ರತಿ ಅರ್ಧ ಗಂಟೆಗೊಮ್ಮೆ ನೀರನ್ನು ಪೂರ್ತಿ ಬದಲಿಸಬೇಕು. ನಾನು ರಾತ್ರಿ ಎರಡರವರೆಗೆ ಎಚ್ಚರವಿದ್ದೆ, ಅನಂತರ ನನ್ನ ಹೆಂಡತಿ ಅಲಾರಾಂ ಇಟ್ಟುಕೊಂಡು ಎದ್ದೆದ್ದು ಬದಲಿಸಿದಳು. ಇಲ್ಲಿಯ ನಲ್ಲಿಯಲ್ಲಿ ನವೆಂಬರಿನಲ್ಲಿಯೂ ಸಾಕಷ್ಟು ತಣ್ಣನೆಯ ನೀರು ಬಾರದ್ದರಿಂದ ಎರಡು ಚೀಲ ಐಸ್‌ಗೆ 7 ಡಾಲರ್ ತೆರಬೇಕಾಯಿತು. ಇಷ್ಟೆಲ್ಲ ಮಾಡಿದ ಮೇಲೆ ನೋಡಿದರೆ ಅಂಗಡಿಯವರು ಕೊಟ್ಟ ಹೊದಿಕೆಯ ರೆಕ್ಕೆಯ ಬಳಿ ಸಣ್ಣ ತೂತಿತ್ತು! ಅಲ್ಲಿಂದ ಒಳಹೊಕ್ಕ ನೀರನ್ನು ಚರ್ಮ ಹೀರಿಕೊಂಡು, ಒಲೆಯಲ್ಲಿ ಎಷ್ಟು ಹೊತ್ತಾದರೂ ಗರಿಗರಿಯಾಗಲಿಲ್ಲ. ಆದ್ದರಿಂದ ಹೊದಿಕೆಯ ಮೇಲೆ ಇನ್ನೊಂದು ಗಟ್ಟಿ ಚೀಲ ಕಟ್ಟಿಯೇ ಮುಳುಗಿಸಬೇಕು. ಕರಗಿದ ಕೂಡಲೇ ಒಲೆಗೇರಿಸಬೇಕು, ಮರುದಿನಕ್ಕೆಂದು ಇಟ್ಟುಕೊಳ್ಳುವಂತಿಲ್ಲ.

ಮಿನಿಯಾಪೊಲಿಸ್ ಗೃಹಿಣಿ
ಇಷ್ಟು ಗದ್ದಲವೇಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ನಮ್ಮಲ್ಲಿ ಈ ಸಮಯಕ್ಕೆ ಹೊರಗೇ ಕೊರೆಯುವ ಚಳಿಯಿರುತ್ತದೆ. ಹಿಂಬದಿಯ ಜಗಲಿಯಲ್ಲಿ ಐಸ್ ಪೆಟ್ಟಿಗೆಯೊಳಗಿಟ್ಟರೆ ಖರ್ಚಿಲ್ಲದೆ ಕರಗುತ್ತದೆ. ಊರಿನಲ್ಲಿ ಬೆಳಗ್ಗೆ ತಂದ ಕೋಳಿ ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆಯೇ ಇರುತ್ತಿತ್ತು, ಅದರಿಂದ ಯಾರಿಗೂ ಹೊಟ್ಟೆ ಕೆಟ್ಟಿದ್ದನ್ನು ನಾನು ನೋಡಿಲ್ಲ.

ಶಿಕಾಗೋ ನರ್ಸ್
ಅಕ್ಕ, ಊರಿನ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ. ಅದು ಕೊಯ್ದು ತುಂಡು ಮಾಡಿದ ಒಂದೂವರೆ ಕಿಲೋ ತಾಜಾ ಕೋಳಿ, ಕೆಲವೇ ತಾಸಿನಲ್ಲಿ ಕುದಿಯುವ ಸಾರಿಗೆ ಬೀಳುತ್ತಿತ್ತು. ಏಳು ಕಿಲೋದ ಇಡೀ ಹಕ್ಕಿಯ ನಡುಭಾಗ ಹಿಮವಾಗಿರುವಾಗಲೇ ಹೊರಮೈ 40 ಡಿಗ್ರಿ ದಾಟಿ, ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಬೇಗ ಹೆಚ್ಚುವ ಉಷ್ಣತೆಗೆ ಬಂದಿರುತ್ತದೆ. ಆ ಅಪಾಯದ ವಲಯ 140 ಡಿಗ್ರಿಯವರೆಗೂ ಇದೆ. ಜಗಲಿಯ ಉಷ್ಣತೆ ಬಿಸಿಲು ಬಂದಂತೆ ಏರುತ್ತದೆ, ಮೋಡ ಕವಿದಂತೆ ಇಳಿಯುತ್ತದೆ.

ಒಮ್ಮೆ ಹಬ್ಬದ ದಿನವೂ ನನಗೆ ರಾತ್ರಿಪಾಳಿ ಇದ್ದುದರಿಂದ, ಕರಗಿಸುವ ಗೋಜಿಗೇ ಹೋಗದೆ ಹಿಮಗಟ್ಟಿದ್ದನ್ನೇ ನೇರವಾಗಿ 325 ಡಿಗ್ರಿಯ ಓವನ್‌ಗೆ ಹಾಕಿದೆ. ಅಮೆರಿಕದ ಕೃಷಿ ಇಲಾಖೆ ಇದನ್ನು ಸುರಕ್ಷಿತವೆಂದೇ ಹೇಳುತ್ತದೆ, ಸಮಯ ಮಾತ್ರ ಕನಿಷ್ಠ ಒಂದೂವರೆ ಪಟ್ಟು ಹಿಡಿಯುತ್ತದೆ. ಅರ್ಧ ಬೆಂದ ಮೇಲೆ ಒಳಗಿನ ಈಲಿ, ಗುಂಡಿಗೆಗಳ ಪೊಟ್ಟಣವನ್ನು ಇಕ್ಕಳದಿಂದ ಹೊರತೆಗೆಯಬೇಕು. ತೊಡೆ, ಎದೆ, ರೆಕ್ಕೆಯ ಸಂದು, ಈ ಮೂರೂ ಕಡೆ 165 ಡಿಗ್ರಿ ತೋರಿದ ಮೇಲಷ್ಟೇ ಬಡಿಸಬೇಕು.

ಮಿನಿಯಾಪೊಲಿಸ್ ಗೃಹಿಣಿ
ಹಾಗಾದರೆ ಮಸಾಲೆ ಮಂಜುಗಡ್ಡೆಗೆ ಹಿಡಿಯುತ್ತದೆಯೆ? ಬರಿಯ ಬೆಂದ ಮಾಂಸವನ್ನು ಬಡಿಸಿ ಸುರಕ್ಷತೆಯ ಉಪನ್ಯಾಸ ನೀಡುವುದಾದರೆ ಅತಿಥಿಗಳನ್ನು ಆಸ್ಪತ್ರೆಯ ಕ್ಯಾಂಟೀನಿಗೇ ಕರೆಯಬಹುದಲ್ಲ.

ಹ್ಯೂಸ್ಟನ್ ರಾಯರು
ಓವನ್‌ನ ಮಾತು ಬೇರೆ, ಎಣ್ಣೆಯ ಮಾತು ಬೇರೆ. ನಮ್ಮ ಪಕ್ಕದ ಮನೆಯವರು ಹೊರಗೆ ಕರಗಿ ಒಳಗೆ ಕರಗದ ಟರ್ಕಿಯನ್ನು ಕಾದ ಎಣ್ಣೆಗೆ ಇಳಿಸಿದರು. ಒಳಗಿದ್ದ ಹಿಮ ಕ್ಷಣದಲ್ಲಿ ಆವಿಯಾಗಿ ಎಣ್ಣೆಯನ್ನು ಹೊರಚೆಲ್ಲಿತು, ಚೆಲ್ಲಿದ ಎಣ್ಣೆಗೆ ಬರ್ನರಿನ ಬೆಂಕಿ ತಗುಲಿತು. ನಮ್ಮಿಬ್ಬರಿಗೂ ಸೇರಿದ ಬೇಲಿ ಸುಟ್ಟದ್ದಕ್ಕೆ 1,150 ಡಾಲರ್ ಬಿಲ್ಲು ಬಂದು, ಅದರ ಅರ್ಧ ನನ್ನ ಪಾಲಿಗೆ ಬಿತ್ತು. ಟರ್ಕಿ ಮಾತ್ರ ಅವರಿಗೆ ಅಂಗಡಿಯ ಕೂಪನ್ನಿನಲ್ಲಿ ಪುಕ್ಕಟೆಯಾಗಿ ಸಿಕ್ಕಿತ್ತು.

ಡಲ್ಲಾಸ್‌ನ ಮಂಡ್ಯದವನು
ಕರಗಿದ ಮೇಲೆ ಅರಿಶಿನ, ಉಪ್ಪು ಹಚ್ಚಿ ಚೆನ್ನಾಗಿ ತೊಳೆಯಬೇಕೆಂಬುದನ್ನು ಯಾರೂ ಹೇಳಲೇ ಇಲ್ಲ. ತೊಳೆಯದ ಬಾಡನ್ನು ನಮ್ಮ ಮನೆಯಲ್ಲಿ ಒಲೆಯ ಹತ್ತಿರಕ್ಕೂ ಬಿಡುವುದಿಲ್ಲ.

ಶಿಕಾಗೋ ನರ್ಸ್
ಸರ್, ತೊಳೆಯುವಾಗ ಸಿಡಿಯುವ ಹನಿಗಳಿಂದಲೇ ಸಿಂಕ್, ಕಟ್ಟೆ, ಪಕ್ಕದಲ್ಲಿರುವ ಸೊಪ್ಪಿಗೆಲ್ಲ ರೋಗಾಣು ಹರಡುತ್ತದೆ. ಅದನ್ನು ಕೊಲ್ಲುವುದು 165 ಡಿಗ್ರಿಯ ಬಿಸಿಯೇ ಹೊರತು ಅರಿಶಿನವಲ್ಲ. ಸಸ್ಯಾಹಾರಿ ಹಿರಿಯರಿರುವ ಮನೆಯವರಿಗೆ ನೀವು ಕೊಡುವ ಸಲಹೆಯೆ ಇದು?

ಡಲ್ಲಾಸ್‌ನ ಮಂಡ್ಯದವನು
ನಮ್ಮ ತಾಯಿ ಐವತ್ತು ವರ್ಷ ತೊಳೆದೇ ಅಡುಗೆ ಮಾಡಿದ್ದಾರೆ. ಅವರಿಗೆ ಪಾಠ ಹೇಳುವ ಧೈರ್ಯವಿದ್ದರೆ ಮುಂದಿನ ಬಾರಿ ಅವರು ಇಲ್ಲಿಗೆ ಬಂದಾಗ ಬಂದು ಹೇಳಿ.

ಎಡಿಸನ್ ನಿವಾಸಿ
ನನ್ನ 345 ಡಾಲರಿನ ಲೆಕ್ಕವನ್ನು ಅಣಕಿಸಿದವರು ಒಂದು ವಿಷಯವನ್ನು ಮರೆತಿದ್ದಾರೆ. ಹೋದ ವರ್ಷ ಅತಿಥಿಗಳ ಮಗುವಿಗೆ ಜ್ವರ ಬಂದು ಊಟ ಶನಿವಾರಕ್ಕೆ ಮುಂದೆ ಹೋಯಿತು. ಫ್ರಿಜ್‌ನಲ್ಲಿ ಕರಗಿದ ಟರ್ಕಿ ಇನ್ನೂ ಒಂದೆರಡು ದಿನ ಅಲ್ಲಿಯೇ ಸುರಕ್ಷಿತವಾಗಿರುತ್ತದೆ, ಬೇಡವೆನಿಸಿದರೆ ಬೇಯಿಸದೆಯೇ ಮತ್ತೆ ಫ್ರೀಜರಿಗೆ ಸೇರಿಸಲೂಬಹುದು. ಗಂಟೆಗೆರಡು ಬಾರಿ ಎದ್ದು ನೀರು ಬದಲಿಸಿದ ಡಲ್ಲಾಸ್‌ನವರಾಗಿದ್ದರೆ ಆ ಗುರುವಾರ 18 ಪೌಂಡ್ ಟರ್ಕಿಯನ್ನು ಬೇಯಿಸಿ, ದಂಪತಿಗಳಿಬ್ಬರೇ ಕುಳಿತು ತಿನ್ನಬೇಕಾಗುತ್ತಿತ್ತು.