ಸ್ಕ್ಲೆರೋಡರ್ಮಾ: ಚರ್ಮದ ಬಿಗಿತವನ್ನು ಯಂತ್ರದಲ್ಲಿ ಅಳೆಸಿದವರು ಇದ್ದೀರಾ?

ಅಮ್ಮನಿಗೆ ಸ್ಕ್ಲೆರೋಡರ್ಮಾ, ಅಂದರೆ ಚರ್ಮ ಗಟ್ಟಿಯಾಗಿ ಬಿಗಿಯುವ ಕಾಯಿಲೆ. ಬಿಗಿತ ಬೆರಳಿನಿಂದ ಶುರುವಾಗಿ ಮೊಣಕೈವರೆಗೆ ಬಂದಿದೆ. ಡಾಕ್ಟರು ಚರ್ಮ ಚಿವುಟಿ ನೋಡಿ ಒಂದು ನಂಬರ್ ಬರೆಯುತ್ತಾರೆ. ಹೋದ ಸಲ ಬೇರೆ ಡಾಕ್ಟರು ನೋಡಿದರು, ನಂಬರ್ ಏರಿತ್ತು. ಅಮ್ಮ ಮಾತ್ರ ಕೈ ಸಡಿಲ ಆಗಿದೆ ಅನ್ನುತ್ತಾರೆ. ಬಯಾಪ್ಸಿ (ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ) ಇಲ್ಲದೆ ಸರಿಯಾಗಿ ಅಳೆಯಬಹುದಾ? ಬೆಂಗಳೂರಿನವರು ಅನುಭವ ಹೇಳಿ.

ಮಲ್ಲೇಶ್ವರದಿಂದ:
ನನಗೂ ಇದೇ ಕಾಯಿಲೆ. ಆ ನಂಬರ್‌ಗೆ ರಾಡ್ನನ್ ಸ್ಕೋರ್ ಅನ್ನುತ್ತಾರೆ. ಮೈಯ 17 ಜಾಗ ಮುಟ್ಟಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು ಹೆಚ್ಚೆಂದರೆ 51. ಮುಟ್ಟಿ ನೋಡುವ ಡಾಕ್ಟರು ಬದಲಾದರೆ ಅಂಕ ಬದಲಾಗುತ್ತದೆ, ಅದಕ್ಕೇ ಗಾಬರಿ ಬೇಡ, ಮೊದಲಿನ ಡಾಕ್ಟರ ಹತ್ತಿರವೇ ಮತ್ತೊಮ್ಮೆ ತೋರಿಸಿ.

ನಾನು ಶಿಯರ್ ವೇವ್ ಎಲಾಸ್ಟೋಗ್ರಫಿ ಮಾಡಿಸಿದ್ದೇನೆ. ಅಲ್ಟ್ರಾಸೌಂಡ್ ತರಹವೇ, ನೋವಿಲ್ಲ. ಮುಂಗೈ ದಿಂಬಿನ ಮೇಲೆ ಇಡಿಸಿ, ಜೆಲ್ ದಪ್ಪಗೆ ಹಚ್ಚಿ, ಪ್ರೋಬನ್ನು ಚರ್ಮಕ್ಕೆ ಒತ್ತದೆ ಜೆಲ್ ಮೇಲೆ ತೇಲಿಸಿದ ಹಾಗೆ ಹಿಡಿದರು, ಯಾಕೆಂದರೆ ಒತ್ತಿದರೆ ಚರ್ಮ ಇರುವುದಕ್ಕಿಂತ ಗಟ್ಟಿ ಅಂತ ತೋರಿಸುತ್ತದೆ. ಯಂತ್ರ ಚರ್ಮದೊಳಗೆ ಎಬ್ಬಿಸುವ ಅಲೆ ಬೇಗ ಹರಿದಷ್ಟೂ ಚರ್ಮ ಗಟ್ಟಿ. ರಿಪೋರ್ಟ್ ಕೆಲವು ಕಡೆ ಮೀಟರ್ ಪರ್ ಸೆಕೆಂಡ್‌ನಲ್ಲಿ, ಕೆಲವು ಕಡೆ ಕಿಲೋಪಾಸ್ಕಲ್‌ನಲ್ಲಿ ಬರುತ್ತದೆ, ಎರಡನ್ನೂ ಹೋಲಿಸಬೇಡಿ. ಒಂದೇ ಸೆಂಟರ್, ಒಂದೇ ಯಂತ್ರ, ಒಂದೇ ಜಾಗ ಇರಲಿ. ಈ ಪರೀಕ್ಷೆಯನ್ನು ಲಿವರ್‌ಗೆ ಮಾಡುವವರೆಲ್ಲ ಚರ್ಮಕ್ಕೆ ಮಾಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಸುಮ್ನೆ ಟ್ರಾಫಿಕ್‌ನಲ್ಲಿ ಅಮ್ಮನನ್ನು ಸುತ್ತಿಸಬೇಡಿ.

ಜಯನಗರದಿಂದ:
ನಮ್ಮ ಯಜಮಾನರಿಗೆ ಡ್ಯೂರೋಮೀಟರ್‌ನಲ್ಲಿ ನೋಡಿದ್ದರು. ರಬ್ಬರ್ ಗಟ್ಟಿತನ ಅಳೆಯುವ ಪುಟ್ಟ ಸಾಧನ, ಚರ್ಮದ ಮೇಲೆ ನೆಟ್ಟಗೆ ಇಟ್ಟರೆ ಮುಳ್ಳು ನಂಬರ್ ತೋರಿಸುತ್ತದೆ. ಮೂಳೆ ಹತ್ತಿರವಿರುವ ಬೆರಳಲ್ಲಿ ನಂಬುವ ಹಾಗಿಲ್ಲ, ಮುಂಗೈಯಲ್ಲಿ ಪರವಾಗಿಲ್ಲ. ಹೆಚ್ಚಿನ ಕಡೆ ಇದು ಸಂಶೋಧನೆಗೇ ಬಳಕೆ, ಎಲ್ಲರ ಹತ್ತಿರ ಇರುವುದಿಲ್ಲ. ಶುರುವಿನಲ್ಲಿ ಊತ ಇದ್ದಾಗ ಯಾವ ಅಳತೆಯೂ ಗೊಂದಲವೇ. ಮನೆಯಲ್ಲಿ ನೀವೇ ತಿಂಗಳಿಗೊಮ್ಮೆ ಅಮ್ಮ ಬಾಯಿ ಎಷ್ಟು ತೆರೆಯುತ್ತಾರೆ, ಮುಷ್ಟಿ ಕಟ್ಟಿದರೆ ಬೆರಳ ತುದಿ ಅಂಗೈಯಿಂದ ಎಷ್ಟು ದೂರ ನಿಲ್ಲುತ್ತದೆ ಅಂತ ಸ್ಕೇಲ್ ಇಟ್ಟು ಬರೆದಿಡಿ. ಡಾಕ್ಟರಿಗೆ ತುಂಬಾ ಉಪಯೋಗ.

ಕೆಂಗೇರಿಯಿಂದ:
ಚರ್ಮದ ನಂಬರ್ ಜೊತೆಗೆ ಶ್ವಾಸಕೋಶದ ಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಬಿಡಬೇಡಿ. ಚರ್ಮ ಸಡಿಲವಾದರೂ ಶ್ವಾಸಕೋಶ ಹದಗೆಡಬಹುದು. ಬಿಗಿತ ಬೇಗ ಹರಡುತ್ತಿದ್ದರೆ ಮನೆಯಲ್ಲೇ ಬಿಪಿ ನೋಡುತ್ತಿರಿ. ದಿಢೀರ್ ಏರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಿಡ್ನಿಗೆ ಅಪಾಯ.