ಬಿಡ್ ಮಾಡುವಾಗಲೇ ಹಣ ಕಡಿತಕ್ಕೆ ಒಪ್ಪಿಗೆ ಕೊಡಬೇಕೇ?

ನಾಣ್ಯಸಂಗ್ರಾಹಕ, ಮೈಸೂರು:
ನಾನು ಹಳೆಯ ನಾಣ್ಯಗಳನ್ನು ಕೊಳ್ಳುವ ಹರಾಜು ತಾಣವೊಂದು ತನ್ನ ಷರತ್ತುಗಳನ್ನು ಬದಲಿಸಿದೆ. ಇನ್ನು ಮುಂದೆ ಬಿಡ್ ಮಾಡುವ ಮೊದಲೇ ಕಾರ್ಡಿನ ವಿವರ ಕೊಟ್ಟು, ಗೆದ್ದರೆ ಹಣವನ್ನು ತಾನಾಗಿಯೇ ಕಡಿತ ಮಾಡಿಕೊಳ್ಳಲು ಒಪ್ಪಿಗೆ ನೀಡಬೇಕು. ಇಲ್ಲಿಯವರೆಗೆ ಹರಾಜು ಮುಗಿದ ಮೇಲೆ ಬಿಲ್ ಬರುತ್ತಿತ್ತು. ಒಬ್ಬರೇ ಮಾರಾಟಗಾರರಿಂದ ಮೈಸೂರು ಸಂಸ್ಥಾನದ ಮೂರು ತಾಮ್ರದ ಕಾಸುಗಳನ್ನು ಗೆದ್ದಿದ್ದರೆ, ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಅಂಚೆ ವೆಚ್ಚವನ್ನು ಒಮ್ಮೆ ಮಾತ್ರ ಸೇರಿಸಿ ಎಂದು ಕೇಳಿಕೊಳ್ಳುತ್ತಿದ್ದೆ. ಈಗ ಒಂದೊಂದಕ್ಕೂ ಬೇರೆ ಬೇರೆಯಾಗಿ ಹಣ ಹೋಗುತ್ತದೆ. ಇದು ನ್ಯಾಯವೇ?

ಹಳೆ ಸಾಮಾನಿನ ವ್ಯಾಪಾರಿ, ಹುಬ್ಬಳ್ಳಿ:
ಮಾರುವವರ ಕಷ್ಟವನ್ನೂ ಸ್ವಲ್ಪ ಕೇಳಿ. ಹುರುಪಿನಲ್ಲಿ ಬೆಲೆ ಏರಿಸಿ ಗೆದ್ದವರು ಮರುದಿನ ಸಂದೇಶಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಎರಡನೆಯ ಸ್ಥಾನದಲ್ಲಿದ್ದವರನ್ನು ಕೇಳಿದರೆ, ಅವರು ಅಷ್ಟರಲ್ಲಿ ಬೇರೆ ಕಡೆ ಕೊಂಡಿರುತ್ತಾರೆ. ಅದೇ ವಸ್ತುವನ್ನು ಮತ್ತೆ ಹರಾಜಿಗಿಟ್ಟರೆ, ಇದರಲ್ಲೇನೋ ದೋಷವಿರಬೇಕೆಂದು ಜನ ಅನುಮಾನಿಸಿ ಮೊದಲಿನಷ್ಟು ಬೆಲೆ ಕೂಗುವುದೇ ಇಲ್ಲ. ಕೊಡುವ ಮನಸ್ಸಿದ್ದವರಿಗೆ ಮೊದಲೇ ಒಪ್ಪಿಗೆ ಕೊಡಲು ಅಡ್ಡಿಯೇನು?

ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು:
ವ್ಯಾಪಾರಿಗಳ ದೂರು ನಿಜವಾದದ್ದೇ, ಆದರೆ ಅದಕ್ಕೆ ಪರಿಹಾರ ಪೂರ್ತಿ ಹಣದ ಕಡಿತವಲ್ಲ. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಇ-ಹರಾಜು ಹಾಕುವಾಗ ಬಿಡ್ಡುದಾರರು ಮೊದಲು ಇಎಂಡಿ ಎಂಬ ಮುಂಗಡ ಠೇವಣಿ ಕಟ್ಟುತ್ತಾರೆ. ಗೆದ್ದವರು ಅದೂ ಸೇರಿ ಬೆಲೆಯ ಶೇ. 25ರಷ್ಟನ್ನು ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದದ್ದಕ್ಕೆ, ಮಾರಾಟ ದೃಢೀಕರಣವಾದ ಮೇಲೆ 15 ದಿನಗಳ ಕಾಲಾವಕಾಶವಿದೆ. ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲಾಗುತ್ತದೆ, ಇದನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿಹಿಡಿದಿದೆ. ಲಕ್ಷಾಂತರ ರೂಪಾಯಿಯ ಮನೆಗೇ ಇಷ್ಟು ಸಾಕಾಗುವುದಾದರೆ, ಐನೂರು ರೂಪಾಯಿಯ ಕಾಸಿಗೆ ಕಾರ್ಡನ್ನೇ ಒಪ್ಪಿಸಬೇಕೇ?

ಇನ್ನೂ ಸುಲಭದ ದಾರಿ ಷೇರು ಪೇಟೆಯಲ್ಲಿದೆ. ಕಂಪನಿಯೊಂದು ಮೊದಲ ಬಾರಿ ಸಾರ್ವಜನಿಕರಿಗೆ ಷೇರು ಮಾರುವ ಐಪಿಒಗೆ ಅರ್ಜಿ ಹಾಕಿದಾಗ ಅಸ್ಬಾ ಪದ್ಧತಿಯಲ್ಲಿ ಹಣ ನಮ್ಮ ಖಾತೆಯಲ್ಲೇ ಉಳಿದು ಬ್ಲಾಕ್ ಆಗಿರುತ್ತದೆ, ಉಳಿತಾಯ ಖಾತೆಯಾದರೆ ಬಡ್ಡಿಯೂ ನಿಲ್ಲುವುದಿಲ್ಲ. ಷೇರು ಸಿಕ್ಕರೆ ಕಡಿತ, ಇಲ್ಲವಾದರೆ ಬಿಡುಗಡೆ. 2008ರಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತಂದ ಈ ಪದ್ಧತಿ 2016ರಿಂದ ಎಲ್ಲ ಹೂಡಿಕೆದಾರರಿಗೂ ಕಡ್ಡಾಯವಾಗಿದೆ.

ತಂತ್ರಾಂಶ ಪರೀಕ್ಷಕಿ, ಮಂಗಳೂರು:
ಸರ್, ಐಪಿಒದಲ್ಲಿ ಅರ್ಜಿಯ ಮೊತ್ತ ಮೊದಲೇ ಗೊತ್ತಿರುತ್ತದೆ. ಹರಾಜಿನಲ್ಲಿ ಹಾಗಲ್ಲ. ನನ್ನ ಗರಿಷ್ಠ ಮಿತಿ 8,000 ಎಂದು ಗುಟ್ಟಾಗಿ ನಮೂದಿಸಿದರೆ, ತಾಣ ನನ್ನ ಪರವಾಗಿ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗುತ್ತದೆ. ಬ್ಲಾಕ್ ಮಾಡಬೇಕಾದದ್ದು ಸದ್ಯದ 3,000ವೇ, 8,000ವೇ? ಒಂದೇ ಬಗೆಯ ನಾಲ್ಕು ನಾಣ್ಯಗಳಿಗೆ, ಒಂದಾದರೂ ಸಿಗಲೆಂದು ಬಿಡ್ ಹಾಕಿದವರ 32,000 ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಬ್ಬರು ಮೀರಿಸಿದ ಕ್ಷಣವೇ ಹಣ ಬಿಡುಗಡೆಯಾಗದಿದ್ದರೆ ಬ್ಲಾಕ್ ಪದ್ಧತಿಯಿಂದ ಹರಾಜು ಸೊರಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಟ್ಟ ಮೊತ್ತ ಬಿಡುಗಡೆಯಾಗಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ.

ವಕೀಲೆ, ಧಾರವಾಡ:
ಕಾನೂನಿನ ಮಾತೊಂದು ಉಳಿದಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಸುತ್ತಿಗೆ ಬಿದ್ದಾಗ ಮಾರಾಟ ಪೂರ್ಣವಾಗುತ್ತದೆ, ಅಲ್ಲಿಯವರೆಗೆ ಬಿಡ್ಡುದಾರರು ತಮ್ಮ ಬಿಡ್ ಹಿಂಪಡೆಯಬಹುದು. ಕಡಿತ ಆಗುವುದು ಹರಾಜು ಮುಗಿದ ಮೇಲೆಯೇ ಆದ್ದರಿಂದ ಇಷ್ಟರಮಟ್ಟಿಗೆ ತಕರಾರಿಲ್ಲ. ನನ್ನ ಆತಂಕ ಅದೇ ಕಲಮಿನ ಇನ್ನೊಂದು ಉಪಬಂಧದ ಕುರಿತು: ಬೆಲೆ ಏರಿಸಲೆಂದು ಮಾರಾಟಗಾರರು ಸುಳ್ಳು ಬಿಡ್ ಹಾಕಿಸಿದ್ದರೆ, ಕೊಂಡವರು ಮಾರಾಟವನ್ನೇ ರದ್ದುಪಡಿಸಬಹುದು. ಹಣ ನಮ್ಮ ಕೈಯಲ್ಲಿದ್ದಾಗ ಅನುಮಾನ ಬಂದರೆ ಪಾವತಿ ತಡೆದು ವಿವರಣೆ ಕೇಳಬಹುದಿತ್ತು, ಸಾಬೀತುಪಡಿಸುವ ತಲೆನೋವು ಅವರದಾಗುತ್ತಿತ್ತು. ಹಣ ತಾನಾಗಿ ಹೋದ ಮೇಲೆ ದೂರು ಕೊಟ್ಟು, ಪುರಾವೆ ಒದಗಿಸಿ, ಮರುಪಾವತಿಗೆ ಕಾಯುತ್ತಾ ಅಲೆಯಬೇಕಾದವರು ನಾವು. ಕಾನೂನು ಕೊಟ್ಟ ಹಕ್ಕು ಕಾಗದದ ಮೇಲೆ ಹಾಗೆಯೇ ಇರುತ್ತದೆ, ಚಲಾಯಿಸುವ ಖರ್ಚು ಮಾತ್ರ ಕೊಳ್ಳುವವರ ಹೆಗಲೇರುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು:
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾರ್ಡಿನಿಂದ ಪದೇ ಪದೇ ತಾನಾಗಿ ಆಗುವ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ತಿಂಗಳ ಚಂದಾ ಹಣಕ್ಕೇ ಅಷ್ಟು ಎಚ್ಚರ ಬೇಕಾದರೆ, ಕೊನೆಯ ಹತ್ತು ಸೆಕೆಂಡಿನಲ್ಲಿ ದುಪ್ಪಟ್ಟಾಗಬಹುದಾದ ಮೊತ್ತಕ್ಕೆ ಒಂದು ದಿನದ ಬಿಡುವು ಕೇಳುವುದು ಅತಿಯಲ್ಲ.

ಹಳೆ ಸಾಮಾನಿನ ವ್ಯಾಪಾರಿ, ಹುಬ್ಬಳ್ಳಿ:
ಒಂದು ದಿನವಾದರೆ ನನ್ನ ಅಭ್ಯಂತರವಿಲ್ಲ. ಅಷ್ಟರೊಳಗೆ ಮೂರು ನಾಣ್ಯಗಳ ಬಿಲ್ ಒಟ್ಟುಗೂಡಿಸಿ ಅಂಚೆ ವೆಚ್ಚವನ್ನೂ ಇಳಿಸಿಕೊಡಬಹುದು. ಆದರೆ ಆ ದಿನ ಮುಗಿದರೂ ಉತ್ತರ ಬಾರದಿದ್ದರೆ ಹಣ ಕಡಿತವಾಗಲೇಬೇಕು.

ನಾಣ್ಯಸಂಗ್ರಾಹಕ, ಮೈಸೂರು:
ಬಿಲ್ ನನ್ನ ಕಣ್ಣಿಗೆ ಬಿದ್ದ ಮೇಲೆ ಎಂಬ ಷರತ್ತಿನೊಂದಿಗೆ ಅದಕ್ಕೆ ನಾನೂ ಸಿದ್ಧ.