ಅಂತಿಮ ಬೇಡಿಕೆ ಏರಿದ ರಾಜ್ಯ ನಿಜಕ್ಕೂ ಬೆಳೆಯುತ್ತಿದೆಯೇ?

ಪ್ರಶ್ನೆ: ಮೇಡಂ, ಆಸ್ಟ್ರೇಲಿಯಾದ ತ್ರೈಮಾಸಿಕ ರಾಷ್ಟ್ರೀಯ ಲೆಕ್ಕಗಳೊಂದಿಗೆ ಪ್ರತಿ ರಾಜ್ಯದ ‘ಅಂತಿಮ ಬೇಡಿಕೆ’ಯ ಅಂಕಿಗಳೂ ಪ್ರಕಟವಾಗುತ್ತವೆ. ಒಂದೇ ಅವಧಿಯಲ್ಲಿ ಒಂದು ರಾಜ್ಯದ್ದು ಜೋರಾಗಿ ಏರಿ, ಇನ್ನೊಂದರದ್ದು ಇಳಿದಿರುತ್ತದೆ. ಏರಿದ ರಾಜ್ಯದ ಆರ್ಥಿಕತೆಯೇ ವೇಗವಾಗಿ ಬೆಳೆಯುತ್ತಿದೆ ಎಂದುಕೊಳ್ಳಬಹುದೇ?

ಉತ್ತರ: ಅದು ಅವಸರದ ತೀರ್ಮಾನವಾಗುತ್ತದೆ. ಕುಟುಂಬಗಳ ಖರ್ಚು, ಸರ್ಕಾರದ ಖರ್ಚು, ಖಾಸಗಿ ಮತ್ತು ಸಾರ್ವಜನಿಕ ಬಂಡವಾಳ ಹೂಡಿಕೆ, ಇವಿಷ್ಟೇ ಅಂತಿಮ ಬೇಡಿಕೆಯಲ್ಲಿ ಸೇರುತ್ತವೆ. ರಫ್ತು ಇದರಲ್ಲಿಲ್ಲ, ಆಮದನ್ನು ಕಳೆಯುವುದಿಲ್ಲ, ಅಕ್ಕಪಕ್ಕದ ರಾಜ್ಯಗಳೊಂದಿಗಿನ ವ್ಯಾಪಾರವೂ ದಾಸ್ತಾನಿನ ಏರಿಳಿತವೂ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ ಹಣ ಖರ್ಚಾಯಿತು ಎಂಬುದನ್ನು ಇದು ಹೇಳುತ್ತದೆಯೇ ಹೊರತು ಎಲ್ಲಿ ಉತ್ಪಾದನೆಯಾಯಿತು ಎಂಬುದನ್ನಲ್ಲ.

ಪಶ್ಚಿಮ ಆಸ್ಟ್ರೇಲಿಯಾವನ್ನೇ ನೋಡಿ. ಗಣಿಗಳನ್ನೂ ಅನಿಲ ಸ್ಥಾವರಗಳನ್ನೂ ಕಟ್ಟುವ ಕಾಲದಲ್ಲಿ ಹೊರದೇಶದಿಂದ ತರಿಸಿದ ಯಂತ್ರದ ಬೆಲೆಯೂ ಆ ರಾಜ್ಯದ ಬೇಡಿಕೆಗೆ ಸೇರಿ ಅಂಕಿ ಉಬ್ಬುತ್ತದೆ. ಕಟ್ಟುವ ಕೆಲಸ ಮುಗಿದು ಹೂಡಿಕೆ ಇಳಿದಾಗ, ಹಡಗುಗಳಲ್ಲಿ ಎಷ್ಟೇ ಕಬ್ಬಿಣದ ಅದಿರು ಹೊರಹೋದರೂ ಅದೇ ಅಂಕಿ ಕುಗ್ಗುತ್ತದೆ. 2012-13ರ ಸುಮಾರಿಗೆ ಗಣಿ ಹೂಡಿಕೆಯ ಭರಾಟೆ ಶಿಖರ ಮುಟ್ಟಿ ಇಳಿದ ಮೇಲೆ ಅಲ್ಲಿ ಆದದ್ದೂ ಇದೇ. ಉತ್ಪಾದನೆಯ ನಿಜವಾದ ಅಳತೆ ಒಟ್ಟು ರಾಜ್ಯೋತ್ಪನ್ನ. ಆದರೆ ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ ಅದನ್ನು ವರ್ಷಕ್ಕೊಮ್ಮೆ ಮಾತ್ರ ಪ್ರಕಟಿಸುತ್ತದೆ. ಮೂರು ತಿಂಗಳಿಗೊಮ್ಮೆ ಸುದ್ದಿ ಬೇಕಾದ ಪತ್ರಿಕೆಗಳು ಅಂತಿಮ ಬೇಡಿಕೆಯನ್ನೇ ಹಿಡಿದು ರಾಜ್ಯಗಳಿಗೆ ರ‍್ಯಾಂಕ್ ಕೊಡುವುದು ಇದರಿಂದಲೇ.

ಮರುಪ್ರಶ್ನೆ: ಹಾಗಾದರೆ ಹೂಡಿಕೆಯನ್ನು ಬಿಟ್ಟು ಕುಟುಂಬಗಳ ಖರ್ಚನ್ನಷ್ಟೇ ಹೋಲಿಸಿದರೆ ಸಾಕಲ್ಲವೇ?

ಉತ್ತರ: ಜನರ ಕೊಳ್ಳುವ ಶಕ್ತಿಯನ್ನು ತಿಳಿಯಲು ಅದು ಹೆಚ್ಚು ಉಪಯುಕ್ತ, ಆದರೆ ಅಲ್ಲೂ ಎಚ್ಚರ ಬೇಕು. 2024ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಪ್ರತಿ ಮನೆಯ ವಿದ್ಯುತ್ ಬಿಲ್ಲಿಗೆ 1,000 ಡಾಲರ್ ರಿಯಾಯಿತಿ ಕೊಟ್ಟಿತು. ಕೇಂದ್ರ ಸರ್ಕಾರದ್ದು ಬೇರೆ 300 ಡಾಲರ್. ಜನರು ಬಳಸಿದ ವಿದ್ಯುತ್ ಕಡಿಮೆಯಾಗದಿದ್ದರೂ ಲೆಕ್ಕದಲ್ಲಿ ಆ ಮೊತ್ತ ಕುಟುಂಬಗಳ ಖರ್ಚಿನಿಂದ ಸರ್ಕಾರದ ಖರ್ಚಿಗೆ ಸರಿಯಿತು. ರಿಯಾಯಿತಿಯ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದುದರಿಂದ, ಕುಟುಂಬಗಳ ಖರ್ಚಿನ ಸಾಲೊಂದನ್ನೇ ಓದಿದವರಿಗೆ ಇಲ್ಲದ ವ್ಯತ್ಯಾಸ ಕಂಡಿರುತ್ತದೆ.

ಹಿಂದಿನ ತ್ರೈಮಾಸಿಕದ ಮಟ್ಟವನ್ನೂ ನೋಡಬೇಕು. 2021ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಸಿಡ್ನಿಯ ಲಾಕ್‌ಡೌನ್‌ನಿಂದ ನ್ಯೂ ಸೌತ್ ವೇಲ್ಸ್‌ನ ಅಂತಿಮ ಬೇಡಿಕೆ ಶೇ. 6ಕ್ಕೂ ಹೆಚ್ಚು ಕುಸಿಯಿತು. ಮುಂದಿನ ತ್ರೈಮಾಸಿಕದ ಜಿಗಿತ ಬಹುಪಾಲು ಅಂಗಡಿಗಳು ಮತ್ತೆ ತೆರೆದುದರ ಫಲ. ಜನಸಂಖ್ಯೆ ಬೇಗ ಹೆಚ್ಚುತ್ತಿರುವ ರಾಜ್ಯವಾದರೆ ತಲಾ ಖರ್ಚನ್ನೂ ಲೆಕ್ಕ ಹಾಕಿ.

ಮರುಪ್ರಶ್ನೆ: ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ (ನಾರ್ದರ್ನ್ ಟೆರಿಟರಿ) ಅಂಕಿಗಳು ಅಷ್ಟೊಂದು ಏರಿಳಿಯುವುದೇಕೆ?

ಉತ್ತರ: ಅಲ್ಲಿ ದೇಶದ ಜನಸಂಖ್ಯೆಯ ಶೇ. 1ರಷ್ಟೇ ಜನರಿದ್ದಾರೆ. ಒಂದೇ ಒಂದು ದೊಡ್ಡ ಅನಿಲ ಯೋಜನೆ ಶುರುವಾದರೂ ಮುಗಿದರೂ ಇಡೀ ಪ್ರಾಂತ್ಯದ ಅಂಕಿ ಅಲುಗಾಡುತ್ತದೆ. ಅಲ್ಲಿನ ಒಂದೆರಡು ತ್ರೈಮಾಸಿಕಗಳಿಂದ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ.